ಪಂಕಜಮ್ಮನವರನ್ನು ಕೇಳದೆ

ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಫೋನು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದದ್ದು ಕೆಟ್ಟುಹೋದ ಯಂತ್ರಗಳಿಗಾಗಿ ಅಲ್ಲ. ಕೆಟ್ಟದ್ದನ್ನಾದರೆ ಹೋಗಿ ಸರಿಮಾಡಿ ಬರಬಹುದು. ನನ್ನ ಜೀವ ತಿನ್ನುತ್ತಿದ್ದದ್ದು ಪರದೆಯ ಮೂಲೆಯಲ್ಲಿ ಬಂದು ಕೂರುವ ಒಂದು ಪುಟ್ಟ ಚೌಕ. ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರಾ, ಆಮೇಲೆ ನೆನಪಿಸಲಾ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅಷ್ಟು ಕೇಳಿದ್ದೇ ತಡ, ಮಳವಳ್ಳಿಯ ಜೆರಾಕ್ಸ್ ಅಂಗಡಿಯವನಿಂದ ಹಿಡಿದು ಮಂಡ್ಯದ ವಕೀಲರ ಗುಮಾಸ್ತರವರೆಗೆ ಎಲ್ಲರ ಕೈಯೂ ಫೋನಿಗೆ ಹೋಗುತ್ತಿತ್ತು. ಯತೀಶಣ್ಣ, ಏನೋ ಬಂದೈತೆ, ಒತ್ಲಾ ಬುಡ್ಲಾ ಎಂಬ ಒಂದೇ ಪ್ರಶ್ನೆಯನ್ನು ದಿನಕ್ಕೆ ಮೂವತ್ತು ಸಲ ಕೇಳಿದ್ದೇನೆ. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ನಿಂತಾಗ, ಒಮ್ಮೆ ನಮ್ಮ ಮಾವನ ಹನ್ನೊಂದನೆ ದಿನದ ಕಾರ್ಯದಲ್ಲಿ. ‘ಆಮೇಲೆ’ ಎನ್ನುವುದನ್ನು ಒತ್ತಿ ಎಂದು ಹೇಳಿ ಹೇಳಿ ಬಾಯಿ ಒಣಗಿತ್ತು. ಒತ್ತುತ್ತಿದ್ದರು. ಮಾರನೆಯ ದಿನ ಅದು ಮತ್ತೆ ಕೇಳುತ್ತಿತ್ತು, ಅವರು ಮತ್ತೆ ನನ್ನನ್ನು ಕೇಳುತ್ತಿದ್ದರು.

ಪೇಟೆ ಬೀದಿಯ ಪಂಕಜಮ್ಮನವರು ಮಾತ್ರ ಬೇರೆ. ಅವರು ಆ ಚೌಕವನ್ನು ಓದುತ್ತಿದ್ದರು. ಓದುವುದೆಂದರೆ ಕಣ್ಣಾಡಿಸುವುದಲ್ಲ. ಕನ್ನಡಕ ಸೆರಗಿನಲ್ಲಿ ಒರೆಸಿಕೊಂಡು, ಕುರ್ಚಿ ಮುಂದಕ್ಕೆ ಎಳೆದುಕೊಂಡು, ಹೊಸತೇನು ಎಂಬ ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ತಿಳಿಯದ ಮಾತನ್ನು ಫೋನಿನಲ್ಲಿ ನನಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ನಾನು ವಿವರಿಸಿ, ಅವರಿಗೆ ಒಪ್ಪಿಗೆಯಾಗಿ, ಆಮೇಲೆ ಒತ್ತುವುದು. ಒಪ್ಪಿಗೆಯಾಗದಿದ್ದರೆ ಇಲ್ಲ. ಇದರಲ್ಲಿ ನನಗೆ ಬೇಕಾದದ್ದು ಏನೂ ಕಾಣೆ, ಬೇಡಪ್ಪ ಎಂದು ಫೋನ್ ಇಡುತ್ತಿದ್ದರು. ಇಪ್ಪತ್ತು ನಿಮಿಷ ತಲೆ ತಿಂದು ಕೊನೆಗೆ ಬೇಡ ಎನ್ನುವ ಗಿರಾಕಿಯ ಮೇಲೆ ಯಾರಿಗೆ ತಾನೇ ಸಿಟ್ಟು ಬಾರದು? ನನಗೂ ಬರುತ್ತಿತ್ತು. ಅವರ ಹೆಸರು ಫೋನಿನಲ್ಲಿ ಕಂಡರೆ ಎರಡು ಸಲ ಬಡಿದುಕೊಳ್ಳಲು ಬಿಟ್ಟು ಮೂರನೆಯ ಸಲಕ್ಕೆ ಎತ್ತುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ಮೂರನೆಯ ಸಲ ಎತ್ತಿದಾಗ ಊಟ ಆಯ್ತೇನಪ್ಪ ಎಂದೇ ಶುರು ಮಾಡುತ್ತಿದ್ದರು.

ಅವರು ಬರೆದುಕೊಡುತ್ತಿದ್ದದ್ದು ಜಾತಕ. ಯಜಮಾನರು ಸಂಪತ್ ಕುಮಾರ ಮೇಷ್ಟ್ರು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳುತ್ತಿದ್ದವರು, ಜತೆಗೆ ಪಂಚಾಂಗ ನೋಡಿ ಕೈಯಲ್ಲಿ ಕುಂಡಲಿ ಬರೆಯುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಕೈನಡುಕ ಶುರುವಾಯಿತು. ಗೆರೆ ನೆಟ್ಟಗೆ ಬರುವುದಿಲ್ಲವೆಂದು ಕಂಪ್ಯೂಟರ್ ತಂದರು, ಜಾತಕದ ಸಾಫ್ಟ್‌ವೇರ್ ಹಾಕಿಸಿದರು. ಮೌಸ್ ಹಿಡಿದರೆ ಆ ಕೈಯಲ್ಲಿ ಬಾಣದ ಗುರುತು ಪರದೆಯ ತುಂಬ ಓಡಾಡುತ್ತಿತ್ತು. ಹಾಗಾಗಿ ಅವರು ಪಕ್ಕದಲ್ಲಿ ಕೂತು ಹೇಳುವುದು, ಪಂಕಜಮ್ಮನವರು ಒತ್ತುವುದು ಎಂದಾಯಿತು. ಹೀಗೆ ಒತ್ತುತ್ತಾ ಒತ್ತುತ್ತಾ ಈಕೆಗೆ ವಿದ್ಯೆಯೇ ಬಂತು. ಮೇಷ್ಟ್ರು ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಮಗಳು ಅಳಿಯ ಇದ್ದಾರೆ, ಇವರು ದುಡಿಯಬೇಕಾದ ಅಗತ್ಯವೇನೂ ಇಲ್ಲ. ಆದರೂ ಬೆಳಿಗ್ಗೆ ಹತ್ತಕ್ಕೆ ಮುಂಬಾಗಿಲ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಮಧ್ಯಾಹ್ನ ಒಂದು ಗಂಟೆಯವರೆಗೆ ಏಳುತ್ತಿರಲಿಲ್ಲ.

ನನಗೆ ಜಾತಕದಲ್ಲಿ ನಂಬಿಕೆಯಿಲ್ಲ. ನನ್ನ ಮದುವೆಗೆ ನೋಡಿದ ಜಾತಕ ಮೂವತ್ತಾರಕ್ಕೆ ಇಪ್ಪತ್ತೊಂಬತ್ತು ಗುಣ ಕೂಡಿ ಬಂದಿತ್ತು, ಮನೆಯಲ್ಲಿ ಮಾತ್ರ ಒಂದು ದಿನವೂ ಕೂಡಿ ಬಂದಿಲ್ಲ. ಆದರೆ ಪಂಕಜಮ್ಮನವರ ಕೆಲಸ ನೋಡುವಂಥದ್ದು. ಹಳ್ಳಿಗಳಿಂದ ಬರುವ ತಾಯಂದಿರಿಗೆ ಮಗು ಹುಟ್ಟಿದ ಗಂಟೆ ನಿಮಿಷ ಎಲ್ಲಿ ನೆನಪಿರುತ್ತದೆ? ಬೆಳಗಿನ ಜಾವ ಎನ್ನುತ್ತಾರೆ. ಈಕೆ ಬಿಡುವವರಲ್ಲ. ಮೈಸೂರಿನ ಪ್ಯಾಸೆಂಜರ್ ರೈಲು ಹೋಗಿತ್ತಾ? ಸಕ್ಕರೆ ಕಾರ್ಖಾನೆಯ ಕೂಗು ಆಗಿತ್ತಾ? ಡೇರಿಗೆ ಹಾಲು ಹಾಕಿ ಬಂದ ಮೇಲೆ ನೋವು ಬಂತಾ, ಮೊದಲಾ? ಹೀಗೆ ಮೂರು ದಿಕ್ಕಿನಿಂದ ಕೇಳಿ ಕೇಳಿ ಹತ್ತು ನಿಮಿಷದ ಒಳಗೆ ಹೊತ್ತು ಹಿಡಿಯುತ್ತಿದ್ದರು. ಆ ಪ್ಯಾಸೆಂಜರ್ ಯಾವ ಇಸವಿಯಲ್ಲಿ ಎಷ್ಟು ಗಂಟೆಗೆ ಮದ್ದೂರಿಗೆ ಬರುತ್ತಿತ್ತು ಎಂಬುದನ್ನು ಸ್ಟೇಷನ್ನಿನವರಿಂದ ವಿಚಾರಿಸಿ ಬರೆದಿಟ್ಟುಕೊಂಡಿದ್ದರು. ಕೊನೆಗೆ ಹಾಳೆ ಅಚ್ಚಾದ ಮೇಲೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಕೊಡುತ್ತಿದ್ದರು. ಅವರ ಹಾಳೆ ಎಂದರೆ ಮಂಡ್ಯ, ಮಳವಳ್ಳಿಗಳಲ್ಲಿ ಇನ್ನೊಬ್ಬ ಜೋಯಿಸರಿಗೆ ತೋರಿಸುವ ಪದ್ಧತಿಯೇ ಇರಲಿಲ್ಲ.

ಈಗ ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಮಳವಳ್ಳಿಯಲ್ಲಿ ಟೈಪಿಂಗ್ ತರಗತಿ ನಡೆಸುವ ಅಶೋಕ್ ಎಂಬುವನ ಏಳು ಕಂಪ್ಯೂಟರಿಗೂ ಒಂದೇ ರಾತ್ರಿಯಲ್ಲಿ ಯಾವುದೋ ಕಳ್ಳ ಪ್ರೋಗ್ರಾಂ ನುಗ್ಗಿ ಇದ್ದಬದ್ದ ಕಡತಗಳಿಗೆಲ್ಲ ಬೀಗ ಹಾಕಿತು. ಮೂರು ವರ್ಷದಿಂದ ‘ಆಮೇಲೆ’ ಒತ್ತುತ್ತಾ ಬಂದಿದ್ದ ಪುಣ್ಯಾತ್ಮ. ಹಾಕಿಕೊಂಡಿದ್ದರೆ ಆ ಬಾಗಿಲು ಎಂದೋ ಮುಚ್ಚಿರುತ್ತಿತ್ತು. ಆದರೆ ಆಮೇಲೆ ಒತ್ತು ಎಂದವನು ನಾನೇ ಅಲ್ಲವೆ? ಮಕ್ಕಳ ಮುಂದೆ, ಬೀದಿಯವರ ಮುಂದೆ ಅಶೋಕ್ ನನ್ನ ಮಾನ ತೆಗೆದ. ಮನೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡು ತೀರ್ಮಾನ ಮಾಡಿದೆ. ಇನ್ನು ಯಾರನ್ನೂ ಯಾವುದೂ ಕೇಳುವುದು ಬೇಡ. ಎಲ್ಲ ಯಂತ್ರದಲ್ಲೂ ತಾನಾಗಿಯೇ ಹಾಕಿಕೊಳ್ಳಲಿ ಎಂಬ ಗುರುತು ಇಟ್ಟುಬಿಡುವುದು. ಅವರಿಗೂ ಕ್ಷೇಮ, ನನಗೂ ನೆಮ್ಮದಿ.

ಆ ವರ್ಷದ ಆಯುಧಪೂಜೆ ಅದಕ್ಕೆ ಅನುಕೂಲವಾಯಿತು. ಪೂಜೆಗೆ ಮೊದಲು ಯಂತ್ರಗಳನ್ನು ಬಿಚ್ಚಿ ಧೂಳು ಹೊಡೆದುಕೊಡುವುದು ಪ್ರತಿವರ್ಷದ ಕೆಲಸ. ಹೋದಲ್ಲೆಲ್ಲ ಧೂಳು ಹೊಡೆದೆ, ಗುರುತು ಬದಲಿಸಿದೆ. ಯಾರೂ ಏನೂ ಕೇಳಲಿಲ್ಲ. ಪಂಕಜಮ್ಮನವರ ಮನೆಯಲ್ಲಿ ಮಾತ್ರ ಕೈ ಸ್ವಲ್ಪ ಹಿಂಜರಿಯಿತು. ಅವರು ಪಕ್ಕದಲ್ಲೇ ನಿಂತಿದ್ದರು. ಆಮೇಲೆ ನನಗೆಂದು ಪುಳಿಯೋಗರೆ ತರಲು ಒಳಗೆ ಹೋದರು. ಐದು ನಿಮಿಷ. ಅಷ್ಟರಲ್ಲಿ ಅವರ ಜಾತಕದ ಸಾಫ್ಟ್‌ವೇರಿಗೂ ‘ಕೇಳದೆ ಹಾಕಿಕೋ’ ಎಂದು ಗುರುತು ಹಾಕಿ, ಕೈ ತೊಳೆದುಕೊಂಡು ಬಂದು ತಟ್ಟೆ ಇಸಿದುಕೊಂಡೆ. ಎರಡನೆಯ ಸಲವೂ ಬಡಿಸಿಕೊಂಡು ತಿಂದೆ.

ಆಮೇಲೆ ನನ್ನ ಫೋನು ನಿಜಕ್ಕೂ ತಣ್ಣಗಾಯಿತು. ಹಗಲು ಹೊತ್ತು ಒಂದು ಗಳಿಗೆ ಅಂಗಡಿಯಲ್ಲಿ ಸುಮ್ಮನೆ ಕೂರುವ ಸುಖ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಕಂಡೆ. ಪಂಕಜಮ್ಮನವರೂ ಫೋನ್ ಮಾಡುವುದು ನಿಂತಿತ್ತು. ಒಮ್ಮೆ ಬೀದಿಯಲ್ಲಿ ಸಿಕ್ಕಾಗ ಈಚೆಗೆ ಅದು ಏನೂ ಕೇಳುತ್ತಲೇ ಇಲ್ಲವಲ್ಲ ಎಂದರು. ಹೊಸತೇನೂ ಬಂದಿಲ್ಲ ಅಮ್ಮ ಎಂದೆ. ಅದು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ನಮ್ಮೂರು ವೈದ್ಯನಾಥಪುರದ ಸಣ್ಣತಾಯಮ್ಮ ಮಗಳ ಜಾತಕ ಬರೆಸಬೇಕು ಎಂದು ಬಂದಳು. ವರಸೆಯಲ್ಲಿ ನನಗೆ ಚಿಕ್ಕವ್ವ. ಪಂಕಜಮ್ಮನವರ ಮನೆಗೆ ನಾನೇ ಕರೆದುಕೊಂಡು ಹೋದೆ. ಹುಡುಗಿ ದೀಪಿಕ ಗೆಜ್ಜಲಗೆರೆಯ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಮಳವಳ್ಳಿಯ ಹುಡುಗನೊಬ್ಬ ಅದೇ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಇಬ್ಬರಿಗೂ ಮನಸ್ಸಾಗಿ, ಇಬ್ಬರೂ ಬಾಯಿಬಿಡದೆ, ಹಿರಿಯರೇ ನೋಡಿದ ಸಂಬಂಧ ಎನ್ನುವ ಹಾಗೆ ಜಾಣತನದಿಂದ ಸುದ್ದಿ ಎರಡೂ ಮನೆ ತಲುಪುವಂತೆ ಮಾಡಿದ್ದರು. ಎರಡೂ ಕಡೆ ಒಪ್ಪಿದ್ದರು. ಹುಡುಗನ ತಾಯಿ ಮೋಹಿನಿಗೆ ಜಾತಕವೊಂದು ಕೂಡಿ ಬರಬೇಕಿತ್ತು. ಪಂಕಜಮ್ಮನವರು ತಾಯಿಯನ್ನು ಅರ್ಧ ಗಂಟೆ ಪ್ರಶ್ನೆ ಮಾಡಿ ಹೊತ್ತು ಹಿಡಿದರು. ಮಖಾ ನಕ್ಷತ್ರ ಒಂದನೆ ಪಾದ, ಸಿಂಹ ರಾಶಿ. ಕೂಡಿ ಬಂತು. ನಿಶ್ಚಿತಾರ್ಥದ ದಿನವೂ ಗೊತ್ತಾಯಿತು.

ಸಂಕ್ರಾಂತಿ ಆದ ಮೇಲೆ ಮಳವಳ್ಳಿಯವರು ಇನ್ನೊಂದು ಪ್ರತಿ ಕೇಳಿದರು. ಮೊದಲಿನದರ ಮೇಲೆ ಎಣ್ಣೆ ಚೆಲ್ಲಿ ಅಕ್ಷರ ಮಸುಕಾಗಿತ್ತಂತೆ, ಲಗ್ನಪತ್ರಿಕೆಗೆ ಚೊಕ್ಕಟವಾದದ್ದು ಬೇಕಿತ್ತು. ಪಂಕಜಮ್ಮನವರು ದೀಪಿಕಳ ಹೆಸರಿನಲ್ಲಿ ಉಳಿಸಿಟ್ಟಿದ್ದ ಕಡತ ತೆಗೆದು, ಅಚ್ಚು ಒತ್ತಿ, ಅರಿಸಿನ ಹಚ್ಚಿ ಕೊಟ್ಟರು. ಉಳಿಸಿಟ್ಟದ್ದನ್ನು ಮತ್ತೆ ಓದಿ ನೋಡಬೇಕು ಎಂದು ಯಾರಿಗೆ ಅನ್ನಿಸುತ್ತದೆ? ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಬಣ್ಣ ಬದಲಾಗಿದೆಯೇ ಎಂದು ಯಾರೂ ದಿನಾ ನೋಡುವುದಿಲ್ಲ. ಆ ಹಾಳೆಯಲ್ಲಿ ದೀಪಿಕ ಆಶ್ಲೇಷಾ ನಾಲ್ಕನೆ ಪಾದ, ಕರ್ಕಾಟಕ ರಾಶಿಯವಳಾಗಿದ್ದಳು.

ಆಶ್ಲೇಷಾ ನಕ್ಷತ್ರದ ಸೊಸೆ ಬಂದರೆ ಅತ್ತೆಯ ಜೀವಕ್ಕೆ ಆಗದು ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಹಿನಿ ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಹೆಣ್ಣಿನ ಕಡೆಯವರು ಮೊದಲು ದುಡ್ಡು ಕೊಟ್ಟು ಸುಳ್ಳು ನಕ್ಷತ್ರ ಬರೆಸಿದ್ದರು, ಈಗ ಮರೆತು ನಿಜವಾದದ್ದು ಕಳಿಸಿದ್ದಾರೆ ಎಂಬುದು ಆಕೆ ಕಟ್ಟಿದ ಅರ್ಥ. ನಿಶ್ಚಿತಾರ್ಥಕ್ಕೆ ಒಂಬತ್ತು ದಿನವಿತ್ತು. ಅದು ನಡೆಯುವುದಿಲ್ಲ ಎಂದು ಹೇಳಿ ಎರಡು ಹಾಳೆಯನ್ನೂ ಹಿಂದಕ್ಕೆ ಕಳಿಸಿದರು.

ಸಣ್ಣತಾಯಮ್ಮ ಪೇಟೆ ಬೀದಿಗೆ ಬಂದಾಗ ನಾನೂ ಅಲ್ಲೇ ಇದ್ದೆ. ನನ್ನ ಅಂಗಡಿಗೂ ಆ ಮನೆಗೂ ನಡುವೆ ನಾಲ್ಕು ಬಾಗಿಲು ಅಷ್ಟೆ. ಅವಳ ಗಂಡ ಚಲುವರಾಜು ಕೆಳಗೆ ಗಾಡಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ, ಮಾತೆಲ್ಲ ಅವಳದೇ. ಎರಡು ಹಾಳೆಯನ್ನೂ ಪಂಕಜಮ್ಮನವರ ಮಡಿಲಿಗೆ ಹಾಕಿ ಕೇಳಿದಳು. ‘ಅಲ್ಲ ಕಣಮ್ಮ, ಒಂದೇ ಮಗೀಗೆ ಎಲ್ಡು ನಕ್ಸತ್ರ ಎಂಗಾಯ್ತವೆ? ನಾ ನಿಮ್ಗೆ ಯೋಳಿದ್ದು ಒಂದೇ ಒತ್ತು. ನನ್ನ ಮಗ್ಳು ಮೂರು ದಿನದಿಂದ ಅನ್ನ ಮುಟ್ನಿಲ್ಲ. ಅವಳ್ಗೇನಾರ ಆದ್ರೆ ಯಾರ್ನ ಕೇಳ್ಲಿ ನಾನು?’

ಪಂಕಜಮ್ಮನವರು ಎರಡು ಹಾಳೆಯನ್ನೂ ಓದಿದರು. ಮತ್ತೆ ಓದಿದರು. ಹುಟ್ಟಿದ ದಿನ ಒಂದೇ, ಗಳಿಗೆ ಒಂದೇ, ಊರು ಒಂದೇ. ಕೆಳಗೆ ನಕ್ಷತ್ರ ಮಾತ್ರ ಬೇರೆ. ನೋಡಿ ಹೇಳುತ್ತೇನೆ, ಎರಡು ದಿನ ಕೊಡು ತಾಯಿ ಎಂದು ಮಾತ್ರ ಹೇಳಿ ಕಳಿಸಿದರು. ನಾನು ಬಾಗಿಲಿನಲ್ಲಿ ನಿಂತದ್ದನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದರು.

ಮಾರನೆಯ ದಿನ ಕರೆ ಬಂತು. ಈ ಸಲ ಮೊದಲ ಬಡಿತಕ್ಕೇ ಎತ್ತಿದೆ. ಬಂದು ಕಂಪ್ಯೂಟರ್ ಬಿಚ್ಚಿಕೊಂಡು ಹೋಗಪ್ಪ ಎಂದರು. ಹೋದಾಗ ಪರದೆಗೆ ಆಗಲೇ ಬಟ್ಟೆ ಮುಚ್ಚಿದ್ದರು. ರಾತ್ರಿಯೆಲ್ಲ ಯೋಚಿಸಿದೆ, ಎಲ್ಲಿ ತಪ್ಪಿದೆ ಎಂದು ತಿಳಿಯುತ್ತಿಲ್ಲ, ಎಲ್ಲಿ ಎಂದು ತಿಳಿಯದ ಮೇಲೆ ಈ ಕೆಲಸ ಮಾಡಬಾರದು ಎಂದರು. ವಯಸ್ಸು ಅರವತ್ತೆಂಟಾಯಿತು, ತಲೆ ಮೊದಲಿನ ಹಾಗಿಲ್ಲದೆ ಇರಬಹುದು ಎಂದರು. ಆಮೇಲೆ ನಿಧಾನವಾಗಿ ಇನ್ನೊಂದು ಮಾತು ಹೇಳಿದರು. ಮೇಷ್ಟ್ರು ಇದ್ದಾಗಿನಿಂದ ಇಲ್ಲಿಯವರೆಗೆ ಎಷ್ಟು ಮನೆಗೆ ಕೊಟ್ಟಿದ್ದೀನೋ, ಅವರಲ್ಲಿ ಎಷ್ಟು ಮಂದಿಗೆ ಹೀಗೆ ಮಾಡಿದ್ದೀನೋ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಿಚ್ಚುವ ಮೊದಲು ಒಂದು ಸಲ ನೋಡುತ್ತೇನೆ ಎಂದು ನೆಪ ಹೇಳಿ ಬಟ್ಟೆ ತೆಗೆದು ಕೂತೆ. ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಧನುರ್ಮಾಸದಲ್ಲಿ ಸಾಫ್ಟ್‌ವೇರ್ ತಾನಾಗಿಯೇ ಹೊಸದಾಗಿ ಕೂತಿತ್ತು. ಹೊಸತೇನು ಎಂಬ ಪಟ್ಟಿಯ ಹದಿನೇಳನೆಯ ಸಾಲಿನಲ್ಲಿ ಅಯನಾಂಶ ಬದಲಿಸಿದ್ದೇವೆ ಎಂದು ಬರೆದಿತ್ತು. ಆಕಾಶವನ್ನು ಎಲ್ಲಿಂದ ಅಳೆಯಲು ಶುರುಮಾಡಬೇಕು ಎಂಬುದರ ಲೆಕ್ಕ ಅದು. ಪಂಚಾಂಗದವರಲ್ಲೇ ಅದಕ್ಕೆ ಎರಡು ಮೂರು ಮತ ಇವೆ. ಮೇಷ್ಟ್ರು ಜೀವಮಾನವೆಲ್ಲ ಅನುಸರಿಸಿದ್ದು ಒಂದನ್ನು, ಈಗ ಸಾಫ್ಟ್‌ವೇರ್ ಹಿಡಿದದ್ದು ಇನ್ನೊಂದನ್ನು. ನೂರಕ್ಕೆ ತೊಂಬತ್ತು ಮಂದಿಗೆ ಇದರಿಂದ ನಕ್ಷತ್ರ ಬದಲಾಗುವುದಿಲ್ಲ. ಗಡಿಯಲ್ಲಿ ಹುಟ್ಟಿದವರಿಗೆ ಆಗುತ್ತದೆ. ಕಡತದಲ್ಲಿ ಉಳಿದಿರುವುದು ಹುಟ್ಟಿದ ಹೊತ್ತು, ಜಾಗ ಮಾತ್ರ. ನಕ್ಷತ್ರವನ್ನು ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಲೆಕ್ಕ ಹಾಕುತ್ತದೆ. ಹಳೆಯ ಅಯನಾಂಶಕ್ಕೆ ತಿರುಗಿಸಿ ದೀಪಿಕಳ ಕಡತ ತೆಗೆದೆ. ಮಖಾ ಎಂದು ಬಂತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಂತ್ರ ಬಿಚ್ಚಿಕೊಂಡು ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಅದನ್ನು ಯೋಚಿಸಲಿಲ್ಲ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಮೌಸಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ದೀಪಿಕ ಬಂದು ನಿಂತಳು. ಪಾಳಿ ಮುಗಿಸಿ ಗೆಜ್ಜಲಗೆರೆಯಿಂದ ನೇರ ಬಸ್ಸಿಳಿದು ಬಂದಿದ್ದಳು, ಕುತ್ತಿಗೆಯಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ ಹಾಗೇ ಇತ್ತು. ಒಳಗೆ ಬಾ ಎಂದರೂ ಬರಲಿಲ್ಲ.

‘ಅವ್ವ ಬೈದ್ಲಂತೆ, ಬೇಜಾರ್ ಮಾಡ್ಕೋಬೇಡಿ,’ ಎಂದಳು. ‘ಎರಡ್ರಲ್ಲಿ ನಾನ್ಯಾವ್ದು ಅಂತ ಒಂದು ಯೋಳ್ಬುಡಿ ಸಾಕು. ಆಸ್ಲೇಸವೇ ಆದ್ರೆ ನಾನೇ ಬ್ಯಾಡ ಅಂತೀನಿ. ಅವ್ರ ಅಮ್ಮಂಗೆ ಏನಾರ ಆದ್ರೆ ಜೀವ್ನೆಲ್ಲ ನನ್ ಮ್ಯಾಲೇ ಬತ್ತದೆ.’

ಪಂಕಜಮ್ಮನವರು ನನ್ನ ಕಡೆ ನೋಡಿದರು. ಆ ನೋಟ ತಡೆಯಲಾಗಲಿಲ್ಲ. ಆಯುಧಪೂಜೆಯ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ದೀಪಿಕಳಿಗೆ ಅರ್ಧ ತಿಳಿಯಿತೋ ಇಲ್ಲವೋ, ಪಂಕಜಮ್ಮನವರಿಗೆ ಪೂರ್ತಿ ತಿಳಿಯಿತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಕುರ್ಚಿಯಿಂದ ನನ್ನನ್ನು ಎಬ್ಬಿಸಿ ತಾವೇ ಕೂತು, ಆ ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಹುಡುಗಿಯ ಹತ್ತಿರ ಹೋಗಿ ತಲೆ ಸವರಿ, ನೀನು ಮಖಾ ನಕ್ಷತ್ರದವಳು ಮಗು, ಹೋಗಿ ಊಟ ಮಾಡು ಎಂದರು. ನನ್ನ ಕಡೆ ತಿರುಗಿ, ನಾಳೆ ಮಳವಳ್ಳಿಗೆ ಹೋಗೋಣ, ಬರುತ್ತೀಯಲ್ಲ ಎಂದರು.

ಆ ರಾತ್ರಿ ಪಟ್ಟಿಯನ್ನು ಅಚ್ಚು ಹಾಕಿ, ಹದಿನೇಳನೆಯ ಸಾಲಿಗೆ ಕೆಂಪು ಗೆರೆ ಎಳೆದು ಇಟ್ಟುಕೊಂಡೆ. ಮೋಹಿನಿಯ ಮುಂದೆ ತಪ್ಪು ನನ್ನದು ಎಂದು ಒಪ್ಪಿಕೊಂಡು ಇದನ್ನು ತೋರಿಸಿದರೆ ಮುಗಿಯಿತು ಎಂದು ಲೆಕ್ಕ ಹಾಕಿದ್ದೆ. ಬಸ್ಸಿನಲ್ಲಿ ಪಂಕಜಮ್ಮನವರು ಕಿಟಕಿಯ ಪಕ್ಕ ಕೂತರು. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಗಾಡಿಗಳ ಸಾಲಿನಿಂದ ಬಸ್ಸು ಮುಕ್ಕಾಲು ಗಂಟೆ ನಿಂತಿತು. ನಾನು ಆ ಹಾಳೆಯನ್ನು ಜೇಬಿನಿಂದ ತೆಗೆಯುವುದು, ಮಡಿಸಿ ಇಡುವುದು ಮಾಡುತ್ತಿದ್ದೆ.

ಮೋಹಿನಿ ಮರ್ಯಾದೆಯಿಂದಲೇ ಒಳಗೆ ಕರೆದಳು. ಐವತ್ತರ ಆಸುಪಾಸಿನ ಹೆಂಗಸು, ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದವಳು. ಕೆಟ್ಟವಳಲ್ಲ, ಹೆದರಿದ್ದಳು. ನಾನು ಸತ್ರೆ ಸಾಯ್ತೀನಿ, ಆದ್ರೆ ಅವನ್ಗೆ ಇನ್ಯಾರಿದಾರೆ ಎಂದು ಮೊದಲ ಮಾತಿಗೇ ಹೇಳಿದಳು. ಪಂಕಜಮ್ಮನವರು ಚೀಲದಿಂದ ಎರಡೂ ಹಾಳೆಯನ್ನು ತೆಗೆದು ಟೀಪಾಯಿಯ ಮೇಲೆ ಇಟ್ಟರು. ನಾನು ಜೇಬಿಗೆ ಕೈ ಹಾಕಿದೆ. ಪಂಕಜಮ್ಮನವರು ನನ್ನ ತೋಳು ಹಿಡಿದು ತಡೆದರು.

‘ಇವನದೇನೂ ಇಲ್ಲ, ದಾರಿಗೆ ಜತೆಯಾಗಿ ಬಂದಿದ್ದಾನೆ,’ ಎಂದರು. ‘ತಪ್ಪು ನನ್ನದು ತಾಯಿ. ಎರಡನೆ ಸಲ ತೆಗೆಯುವಾಗ ಒತ್ತಬಾರದ್ದನ್ನ ಒತ್ತಿದ್ದೀನಿ. ಕಣ್ಣು ಕಾಣೋದಿಲ್ಲ. ಯಾರಿಗೂ ಹೇಳದೆ ಕೆಲಸ ಮಾಡ್ಕೊಂಡು ಬರ್ತಿದ್ದೆ. ಮೊದಲನೆಯದೇ ಸರಿ.’

ಮೋಹಿನಿ ಬೇಗ ನಂಬಲಿಲ್ಲ. ಎರಡನೆಯ ಹಾಳೆಯನ್ನು ಎತ್ತಿ ಅವರ ಕೈಗೆ ಕೊಟ್ಟು, ಎಲ್ಲಿ ತಪ್ಪಾಗಿದೆ ತೋರಿಸಿ ಎಂದಳು. ಪಂಕಜಮ್ಮನವರು ಹಾಳೆಯನ್ನು ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು. ಬೆರಳನ್ನು ಸಾಲಿನ ಮೇಲೆ ಇಡಲು ಹೋಗಿ ಬರೀ ಅಂಚಿನಲ್ಲಿ ಇಟ್ಟು, ತಡವರಿಸಿ, ಕೊನೆಗೆ ಹಾಳೆಯನ್ನು ಮಡಿಲಿಗೆ ಇಳಿಸಿದರು. ಹದಿನೇಳನೆಯ ಸಾಲನ್ನು ನಿನ್ನೆ ಸಂಜೆಯ ಮಬ್ಬಿನಲ್ಲಿ ದೀಪ ಹಾಕದೆ ಓದಿದ್ದ ಕಣ್ಣು ಅದು.

ಮೋಹಿನಿಯ ಮುಖ ಸಡಿಲವಾಯಿತು. ಆಕೆಗೆ ಪಾಪ ಎನ್ನಿಸಿತ್ತು. ಹಾಳೆಯನ್ನು ಮೆಲ್ಲಗೆ ತೆಗೆದು ಮಡಿಸಿ ಅವರ ಚೀಲಕ್ಕೇ ಹಾಕಿದಳು. ‘ಆಯ್ತು ಬುಡಿ ಅಮ್ಮ. ನಾನು ಆ ಹೆಣ್ಮಗೀನ ಮೇಲೆ ಏನೇನೋ ಅಂದ್ಕಂಡೆ. ಆದ್ರೆ ಇನ್ಮೇಲೆ ಈ ಕೆಲ್ಸ ಮಾಡ್ಬೇಡಿ. ಮಕ್ಕಳ ಬಾಳಿನ ವಿಚಾರ.’

‘ಬಿಟ್ಟೆ ತಾಯಿ,’ ಎಂದರು ಪಂಕಜಮ್ಮನವರು.

ವಾಪಸು ಬರುವ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ. ನಿಜ ಹೇಳಬಹುದಿತ್ತಲ್ಲ, ಪಟ್ಟಿ ನನ್ನ ಜೇಬಿನಲ್ಲೇ ಇತ್ತಲ್ಲ ಎಂದೆ. ಅವರು ವಿವರಿಸಿದರು, ಫೋನಿನಲ್ಲಿ ನಾನು ಅವರಿಗೆ ವಿವರಿಸುತ್ತಿದ್ದಕ್ಕಿಂತ ತಾಳ್ಮೆಯಿಂದ. ಪಟ್ಟಿ ತೋರಿಸಿದ್ದರೆ ಆಕೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಹಾಗಾದರೆ ಎರಡು ಲೆಕ್ಕ ಉಂಟಾ? ಉಂಟು ಎಂದ ಮೇಲೆ ಯಾವ ತಾಯಿ ಒಪ್ಪುತ್ತಾಳೆ? ಆ ಒಂದು ಮಾತು ಊರಿಗೆ ಹಬ್ಬಿದರೆ ತಾವು ಕೊಟ್ಟ ಹಾಳೆ ಇಟ್ಟುಕೊಂಡಿರುವ ಮನೆಗಳಲ್ಲೆಲ್ಲ ಹಳೆಯ ಸೊಸೆಯಂದಿರ ನಕ್ಷತ್ರ ಮತ್ತೆ ತೆಗೆಸುತ್ತಾರೆ. ಒಬ್ಬ ಮುದುಕಿಗೆ ಕಣ್ಣು ಕಾಣುವುದಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತದೆ. ಇಷ್ಟು ಹೇಳಿ ಸೆರಗು ಹೊದ್ದುಕೊಂಡರು.

ನನಗೆ ಏನಾದರೂ ಹೇಳಿ ಹಗುರಾಗಬೇಕಿತ್ತು. ನಿಮಗೆ ಪದೇಪದೇ ತೊಂದರೆ ಬೇಡವೆಂದು ಹಾಗೆ ಮಾಡಿದೆ ಅಮ್ಮ, ಎಲ್ಲರಿಗೂ ಹಾಗೇ ಮಾಡಿದ್ದೆ ಎಂದೆ. ಅವರು ನನ್ನ ಕಡೆ ತಿರುಗಿದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು.

‘ಕೇಳಿದರೆ ನಾನು ಬೇಡ ಅಂತೀನಿ ಅಂತ ನಿನಗೆ ಗೊತ್ತಿತ್ತು ಯತೀಶ. ಅದಕ್ಕೇ ಕೇಳಲಿಲ್ಲ.’

ಮದ್ದೂರಿನಲ್ಲಿ ಇಳಿದೆವು. ಮನೆಯ ಹತ್ತಿರ ಬಿಟ್ಟಾಗ ಕಂಪ್ಯೂಟರ್ ನಾಳೆಯೇ ತೆಗೆದುಕೊಂಡು ಹೋಗು ಎಂದರು. ತೆಗೆದುಕೊಂಡು ಬಂದೆ. ಈಗಲೂ ನನ್ನ ಅಂಗಡಿಯ ಅಟ್ಟದ ಮೇಲಿದೆ. ಬಿಡಿಭಾಗಕ್ಕೆ ಕೊಡುತ್ತೀಯಾ ಎಂದು ಮಂಡ್ಯದವನೊಬ್ಬ ಕೇಳಿದ, ಕೊಡಲಾಗಲಿಲ್ಲ.

ಆಮೇಲೆ ನಾನು ಮಿಕ್ಕ ಯಂತ್ರಗಳನ್ನೆಲ್ಲ ಮೊದಲಿನ ಹಾಗೆ ಮಾಡಲು ಹೊರಟೆ. ಮೊದಲು ಕೇಳಲಿ, ಆಮೇಲೆ ಹಾಕಿಕೊಳ್ಳಲಿ. ಎಷ್ಟು ಮನೆ ತಿರುಗಿದೆನೋ, ಒಬ್ಬರೂ ಬೇಕು ಎನ್ನಲಿಲ್ಲ. ಚೆನ್ನಾಗೈತಲ್ಲಣ್ಣ, ಅದ್ಯಾಕೆ ಮತ್ತೆ ಆ ರಗಳೆ, ಅಂಗೇ ಇರ್ಲಿ ಬುಡು ಎಂದರು. ಮಳವಳ್ಳಿಯ ಅಶೋಕನಂತೂ ನನಗೆ ಹುಚ್ಚು ಎಂದ. ಅವನ ಮಾತಿನಲ್ಲೂ ತಪ್ಪಿಲ್ಲ, ಬೀಗ ಬಿದ್ದದ್ದು ಅವನ ಕಡತಕ್ಕೆ. ಯಾವುದು ಸರಿ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಓದುವವರನ್ನು ಕೇಳಬೇಕು ಎನ್ನಬಹುದು. ಓದುತ್ತಿದ್ದವರು ನಾನು ಕಂಡಂತೆ ಒಬ್ಬರೇ ಇದ್ದರು, ಅವರ ಕಣ್ಣನ್ನು ನಾನೇ ತೆಗೆದೆ.

ದೀಪಿಕಳ ಮದುವೆ ಚೈತ್ರದಲ್ಲಿ ಮದ್ದೂರಿನ ಛತ್ರದಲ್ಲಿ ಆಯಿತು. ಹುಡುಗಿಯ ಮುಖ ನೋಡಲು ಎರಡು ಕಣ್ಣು ಸಾಲದು. ಅದನ್ನು ನೋಡಿ ನನಗೂ ಸ್ವಲ್ಪ ಸಮಾಧಾನವಾಯಿತು. ಧಾರೆ ಮುಗಿದು ಊಟದ ಪಂಕ್ತಿಗೆ ಕಾಯುವಾಗ ಸಣ್ಣತಾಯಮ್ಮನ ಸುತ್ತ ನಮ್ಮೂರಿನ ನಾಲ್ಕಾರು ಹೆಂಗಸರು ನಿಂತಿದ್ದರು, ಪಕ್ಕದಲ್ಲಿ ಬೀಗಿತ್ತಿ ಮೋಹಿನಿಯೂ ಇದ್ದಳು. ಒಬ್ಬಾಕೆ ತನ್ನ ಮಗಳಿಗೆ ಜಾತಕ ತೆಗೆಸಬೇಕಿತ್ತು, ಪೇಟೆ ಬೀದಿಯ ಪಂಕಜಮ್ಮನ ಹತ್ತಿರ ಹೋಗಲೇ ಎಂದು ಕೇಳಿದಳು.

‘ಅಲ್ಗೆ ಮಾತ್ರ ಓಗ್ಬ್ಯಾಡ,’ ಎಂದಳು ಚಿಕ್ಕವ್ವ. ‘ಕಣ್ಣು ಕಾಣಾಕಿಲ್ಲ ಆಯಮ್ಮಂಗೆ. ನಮ್ಮ ಮನೇನೇ ಆಳ್ಮಾಡ್ತಿತ್ತು. ಬೇಕಾರೆ ಇವ್ನ ಕೇಳು, ಜತೇಲಿ ಓಗಿದ್ನಲ್ಲ. ಅಲ್ವೇನ್ಲಾ ಯತೀಸ?’

ಎಲ್ಲರೂ ನನ್ನ ಕಡೆ ನೋಡಿದರು. ಮೋಹಿನಿಯೂ ನೋಡಿದಳು. ಮಂಟಪದ ಮೇಲೆ ದೀಪಿಕ ಯಾರದೋ ಮಾತಿಗೆ ನಗುತ್ತಿದ್ದಳು.

‘ಹೂಂ ಚಿಕ್ಕವ್ವ,’ ಎಂದೆ. ‘ಏನೂ ಕಾಣಾಕಿಲ್ಲ.’